ಒಂದು ಡಿವಿಡಿ ಕಾಪಿಗೆ ಒಂದು ಗಂಟೆ ಹಿಡೀತಿದ್ಯಾ? ತಕ್ಷಣ ಹೊಸ ರೈಟರ್ ತರೋಕೆ ಹೋಗ್ಬೇಡಿ

ಅರಸೀಕೆರೆ ನಮ್ಮ ಚಿಕ್ಕಪ್ಪನ ಮನೇಲಿ ಒಂದು ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇತ್ತು. ಮಗಳ ಮದುವೆ ಆದ್ಮೇಲೆ ವಿಡಿಯೋದವರು ಮೂರು ಡಿವಿಡಿ ಸೆಟ್ ಕೊಟ್ಟಿದ್ರು, ಅದನ್ನ ನೋಡಿದ ನೆಂಟರೆಲ್ಲ ನಮಗೂ ಒಂದು ಸೆಟ್ ಹಾಕ್ಕೊಡಿ ಅಂತ ಶುರು ಮಾಡಿದ್ರು, ಚಿಕ್ಕಪ್ಪನೂ ಧೈರ್ಯವಾಗಿ ಹ್ಞೂಂ ಅಂದ್ಬಿಟ್ಟು 50 ಖಾಲಿ ಡಿಸ್ಕಿನ ಡಬ್ಬ ತಂದು ಕೂತ್ರು. ಒಂದು ಡಿಸ್ಕ್ ಕಾಪಿ ಆಗೋಕೆ ಹತ್ತಿರತ್ತಿರ ಒಂದು ಗಂಟೆ. ರೈಟರ್ (ಡಿಸ್ಕ್ ಬರೆಯೋ ಡ್ರೈವ್) ಮೇಲೆ ದೊಡ್ಡದಾಗಿ 16ಎಕ್ಸ್ ಅಂತ ಬರ್ದಿತ್ತು, ಡಿಸ್ಕ್ ಮೇಲೂ 16ಎಕ್ಸ್ ಅಂತಿತ್ತು, ಆದ್ರೆ ಕೆಲಸ ಮಾತ್ರ ಎತ್ತಿನ ಗಾಡಿ ಥರ. ಅಂಗಡಿಯವನು ಲೆನ್ಸ್ ಹೋಗಿದೆ ಸಾರ್ ಹೊಸ ರೈಟರ್ ಹಾಕ್ಸಿ ಅಂದ, ಹಾಕ್ಸಿದ್ರು, ಒಂದೆರಡು ದಿನ ಪರವಾಗಿಲ್ಲ ಅನ್ನಿಸ್ತು, ಆಮೇಲೆ ಮತ್ತೆ ಅದೇ ಒಂದು ಗಂಟೆ. ನಾನು ಗೌರಿ ಹಬ್ಬಕ್ಕೆ ಹೋದಾಗ "ನೋಡೋ ಇದನ್ನ, ನಿನಗೇನಾದ್ರೂ ಗೊತ್ತಾಗುತ್ತಾ" ಅಂತ ಕೂರಿಸಿದ್ರು. ಅವತ್ತು ಹುಡುಕಿದ್ದು, ಆಮೇಲೆ ಬೇರೆ ಬೇರೆ ಮನೆಗಳಲ್ಲಿ ಇದೇ ಕೆಲಸ ಮಾಡಿ ಕಲ್ತಿದ್ದು ಎಲ್ಲ ಸೇರಿಸಿ ಬರೀತಿದೀನಿ. ಹಳೇ ಕ್ಯಾಸೆಟ್ಟು, ಹಳೇ ಫೋಟೋ ಅಂತ ಇವತ್ತಿಗೂ ಡಿಸ್ಕ್ ಹಾಕೋರು ಇದಾರೆ, ಅವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನಿಧಾನ ಅಂದ್ರೆ ಎಷ್ಟು ನಿಧಾನ ಅಂತ ಲೆಕ್ಕ ಹಾಕ್ಕೊಳ್ಳಿ, ಯಾಕಂದ್ರೆ ಎಷ್ಟೋ ಜನ ಸರಿಯಾಗೇ ಇರೋ ಮಷೀನನ್ನ ಬೈತಿರ್ತಾರೆ. ಎಕ್ಸ್ ಅನ್ನೋದು ವೇಗದ ಅಳತೆ, ಸಿಡಿಗೆ ಬೇರೆ ಡಿವಿಡಿಗೆ ಬೇರೆ. ಸಿಡಿಲಿ 1ಎಕ್ಸ್ ಅಂದ್ರೆ ಸೆಕೆಂಡಿಗೆ 150 ಕೆಬಿ, ಡಿವಿಡಿಲಿ 1ಎಕ್ಸ್ ಅಂದ್ರೆ ಸುಮಾರು 1385 ಕೆಬಿ, ಅಂದ್ರೆ ಸಿಡಿಯ 9 ಪಟ್ಟು. 4.7 ಜಿಬಿಯ ತುಂಬಿದ ಡಿವಿಡಿ 1ಎಕ್ಸ್‌ನಲ್ಲಿ ಸುಮಾರು 57 ನಿಮಿಷ, 4ಎಕ್ಸ್‌ನಲ್ಲಿ 14-15 ನಿಮಿಷ, 8ಎಕ್ಸ್‌ನಲ್ಲಿ ಎಂಟರ ಆಸುಪಾಸು. ಹಂಗಾದ್ರೆ 16ಎಕ್ಸ್‌ನಲ್ಲಿ ನಾಲ್ಕು ನಿಮಿಷ ಆಗ್ಬೇಕಲ್ಲ ಅಂತೀರಾ, ಆಗಲ್ಲ, ಐದೂವರೆ ಆರು ನಿಮಿಷ ಆಗೇ ಆಗುತ್ತೆ. 16ಎಕ್ಸ್ ಅನ್ನೋದು ಡಿಸ್ಕಿನ ಹೊರ ಅಂಚಲ್ಲಿ ಮಾತ್ರ ಸಿಗೋ ವೇಗ, ಬರೆಯೋದು ಶುರು ಆಗೋದು ಒಳಗಡೆಯಿಂದ, ಅಲ್ಲಿ ಆರೇಳು ಎಕ್ಸ್ ಇರುತ್ತೆ, ಹೊರಗೆ ಹೋಗ್ತಾ ಹೋಗ್ತಾ ಏರುತ್ತೆ. ಇದರ ಮೇಲೆ ಶುರುವಲ್ಲಿ ಅರ್ಧ ನಿಮಿಷ ತಡಕಾಟ, ಕೊನೇಲಿ ಡಿಸ್ಕ್ ಮುಚ್ಚೋಕೆ ಒಂದು ನಿಮಿಷ ಅಂತ ಹಾಕ್ಕೊಳ್ಳಿ. ಬರ್ದಿದ್ದು ಸರಿ ಇದ್ಯಾ ಅಂತ ವೆರಿಫೈ ಮಾಡೋಕೆ ಟಿಕ್ ಹಾಕಿದ್ರೆ ಡಿಸ್ಕನ್ನ ಪೂರ್ತಿ ಇನ್ನೊಂದ್ಸಲ ಓದುತ್ತೆ, ಟೈಮು ಹೆಚ್ಚು ಕಮ್ಮಿ ಡಬಲ್. ಇದ್ಯಾವುದೂ ದೋಷ ಅಲ್ಲ. 8ಎಕ್ಸ್ ಕೊಟ್ಟು 30 ನಿಮಿಷ ಆದ್ರೆ ಮಾತ್ರ ಎಲ್ಲೋ ಸಿಕ್ಕಾಕೊಂಡಿದೆ ಅಂತ ಅರ್ಥ.

ಎರಡನೇದು, ಕಾಪಿ ಅನ್ನೋದನ್ನ ಒಂದೇ ಕೆಲಸ ಅಂತ ನೋಡ್ಬೇಡಿ. ಹಳೇ ಡಿಸ್ಕಿಂದ ಓದೋದು ಒಂದು, ಹಾರ್ಡ್ ಡಿಸ್ಕಲ್ಲಿ ಇಟ್ಕೊಳ್ಳೋದು ಒಂದು, ಹೊಸ ಡಿಸ್ಕಿಗೆ ಬರೆಯೋದು ಒಂದು. ಕಾಪಿ ಬಟನ್ ಒತ್ತಿ ಎದ್ದು ಹೋದ್ರೆ ಯಾವುದರಲ್ಲಿ ಟೈಮ್ ಹೋಯ್ತು ಅಂತ ಗೊತ್ತೇ ಆಗಲ್ಲ. ಅದಕ್ಕೆ ನಾನು ಯಾವಾಗ್ಲೂ ಬಿಡಿಬಿಡಿಯಾಗಿ ಮಾಡ್ತೀನಿ, ಇಮ್ಗ್‌ಬರ್ನ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, 2013ರಲ್ಲಿ ಬಂದ 2.5.8.0 ಆವೃತ್ತಿ ಆದ್ಮೇಲೆ ಹೊಸದು ಬಂದಿಲ್ಲ ಆದ್ರೂ ಈ ಕೆಲಸಕ್ಕೆ ಅದೇ ಸಾಕು. ಅದರಲ್ಲಿ ಮೊದಲು ಡಿಸ್ಕನ್ನ ಐಎಸ್ಒ ಫೈಲ್ (ಇಡೀ ಡಿಸ್ಕಿನ ಪಡಿಯಚ್ಚು ಒಂದೇ ಫೈಲಲ್ಲಿ) ಮಾಡಿ, ಎಷ್ಟು ನಿಮಿಷ ಆಯ್ತು ಬರ್ಕೊಳ್ಳಿ. ಆಮೇಲೆ ಆ ಐಎಸ್ಒನ ಖಾಲಿ ಡಿಸ್ಕಿಗೆ ಬರೀರಿ, ಅದನ್ನೂ ಬರ್ಕೊಳ್ಳಿ. ಬರೀ ಓದೋದು ನಿಧಾನ ಇದ್ರೆ ಒಂದು ದಾರಿ, ಬರೀ ಬರೆಯೋದು ನಿಧಾನ ಇದ್ರೆ ಇನ್ನೊಂದು ದಾರಿ, ಎರಡೂ ನಿಧಾನ ಇದ್ರೆ ನಮ್ಮ ಚಿಕ್ಕಪ್ಪನ ಮನೆ ಕೇಸು. ಅಲ್ಲಿ ಓದೋಕೆ 28 ನಿಮಿಷ, ಬರೆಯೋಕೆ 29 ನಿಮಿಷ ಬಂತು. ಎರಡೂ ಸರಿಯಾಗಿ 2ಎಕ್ಸ್ ಲೆಕ್ಕ. ಎರಡು ಬೇರೆ ಬೇರೆ ಕೆಲಸ ಒಂದೇ ವೇಗದಲ್ಲಿ ಕುಂಟ್ತಿದೆ ಅಂದ್ರೆ ತೊಂದರೆ ಡಿಸ್ಕಲ್ಲಿ ಇಲ್ಲ, ರೈಟರಲ್ಲೂ ಇಲ್ಲ, ಮಧ್ಯದ ದಾರೀಲಿದೆ ಅಂತ ಅಲ್ಲೇ ಅನುಮಾನ ಬಂತು.

ಇಲ್ಲಿ ಇಮ್ಗ್‌ಬರ್ನ್ ತೋರಿಸೋ ಎರಡು ಬಫರ್ ಪಟ್ಟಿ ಬಗ್ಗೆ ಹೇಳ್ಲೇಬೇಕು, ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಸ್ಟೆತಾಸ್ಕೋಪ್ ಇಲ್ಲ. ಬರೀವಾಗ ಕೆಳಗಡೆ ಬಫರ್ ಅಂತ ಒಂದು ಪಟ್ಟಿ, ಡಿವೈಸ್ ಬಫರ್ ಅಂತ ಒಂದು ಪಟ್ಟಿ ಓಡ್ತಿರುತ್ತೆ. ಮನೇಲಿ ಸಂಪು ಇರುತ್ತಲ್ಲ, ಮೇಲೆ ಸಿಂಟೆಕ್ಸ್ ಇರುತ್ತಲ್ಲ, ಹಾಗೇ ಅಂದ್ಕೊಳ್ಳಿ. ಮೊದಲನೇದು ಕಂಪ್ಯೂಟರ್ ಒಳಗಿನ ಸಂಪು, ಎರಡನೇದು ರೈಟರ್ ಒಳಗಿರೋ ಸಣ್ಣ ಸಿಂಟೆಕ್ಸು. ನಲ್ಲೀಲಿ ನೀರು ಸಣ್ಣಗೆ ಬರ್ತಿದೆ, ಸಂಪೇ ಖಾಲಿ ಅಂದ್ರೆ ಬೀದಿ ನೀರೇ ಬಂದಿಲ್ಲ, ಅಂದ್ರೆ ಹಾರ್ಡ್ ಡಿಸ್ಕ್ ಕಡೆಯಿಂದ ಡೇಟಾನೇ ಬರ್ತಿಲ್ಲ. ಸಂಪು ತುಂಬಿದೆ ಆದ್ರೆ ಸಿಂಟೆಕ್ಸು ಖಾಲಿ ಆಗ್ತಾ ಆಗ್ತಾ ಇದೆ ಅಂದ್ರೆ ಮೋಟರೋ ಪೈಪೋ ಕೆಟ್ಟಿದೆ, ಅಂದ್ರೆ ಕೇಬಲ್, ಪೋರ್ಟ್, ಡಿಎಂಎ (ಇದೇನು ಅಂತ ಮುಂದೆ ಹೇಳ್ತೀನಿ) ಇಲ್ಲಿ ಹುಡುಕ್ಬೇಕು. ಎರಡೂ ತುಂಬಿ ತುಳುಕ್ತಿದೆ, ಆದ್ರೂ ನಲ್ಲಿ ಸಣ್ಣ ಅಂದ್ರೆ ನಲ್ಲೀನೇ ಕಟ್ಕೊಂಡಿದೆ, ರೈಟರ್ ಅಥವಾ ಖಾಲಿ ಡಿಸ್ಕಿನ ತಪ್ಪು. ಹಳೇ ಕಾಲದಲ್ಲಿ ಸಿಂಟೆಕ್ಸು ಖಾಲಿ ಆದ ಕ್ಷಣಕ್ಕೆ ಡಿಸ್ಕೇ ಹಾಳಾಗಿ ಹೋಗ್ತಿತ್ತು, ಟೀ ಲೋಟ ಇಡೋಕೆ ಇಟ್ಕೋತಿದ್ವಿ. 2000ದ ಸುಮಾರಿಗೆ ಬರ್ನ್‌ಪ್ರೂಫ್ ಥರದ ರಕ್ಷಣೆ ಬಂದ್ಮೇಲೆ ರೈಟರ್ ನಿಲ್ಲಿಸಿ, ಕಾದು, ಬಿಟ್ಟ ಕಡೆಯಿಂದ ಮುಂದುವರಿಸುತ್ತೆ. ಒಳ್ಳೇದೇ, ಆದ್ರೆ ಮೊದಲು ಹಾಳಾದ ಡಿಸ್ಕಾಗಿ ಕಾಣ್ತಿದ್ದ ರೋಗ ಈಗ ಬರೀ ನಿಧಾನ ಆಗಿ ಕಾಣುತ್ತೆ.

ಚಿಕ್ಕಪ್ಪನ ಮಷೀನಲ್ಲಿ ಸಂಪು ತುಂಬಿತ್ತು, ಸಿಂಟೆಕ್ಸು ಒಂದೇ ಸಮ ಏರ್ತಾ ಇಳೀತಾ ಇತ್ತು. ಜೊತೆಗೆ ಬರೀವಾಗ ಮೌಸ್ ತಡವರಿಸ್ತಿತ್ತು, ಹಾಡು ಹಾಕಿದ್ರೆ ಬಿಕ್ಕಳಿಸ್ತಿತ್ತು. ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು ನೂರರ ಹತ್ರ, ಅದರ ವ್ಯೂ ಮೆನುಲಿ ಕರ್ನಲ್ ಟೈಮ್ಸ್ ಅಂತ ಟಿಕ್ ಹಾಕಿದ್ರೆ ಕೆಂಪು ಗೆರೆ ಕೂಡ ಮೇಲೇ ಇತ್ತು. ಇಷ್ಟು ಲಕ್ಷಣ ಒಟ್ಟಿಗೆ ಸಿಕ್ಕಿದ್ರೆ ಎಕ್ಸ್‌ಪಿ ಕಾಲದ ಐಡಿಇ (ಅಗಲ ಪಟ್ಟಿ ಕೇಬಲಿನ ಹಳೇ ಜೋಡಣೆ) ಮಷೀನಲ್ಲಿ ಅದು ಪಿಐಒ ಮೋಡಿಗೆ ಬಿದ್ದಿದೆ ಅಂತ ಕಣ್ಮುಚ್ಚಿ ಹೇಳ್ಬಹುದು.

ಏನಿದು ಅಂದ್ರೆ, ಡಿಎಂಎ ಮೋಡಲ್ಲಿ ರೈಟರ್ ಮತ್ತೆ ಮೆಮೊರಿ ನೇರವಾಗಿ ಡೇಟಾ ಕೊಟ್ಟು ತಗೊಂಡು ಮಾಡ್ಕೋತವೆ, ಸಿಪಿಯುಗೆ ತಲೆಬಿಸಿ ಇಲ್ಲ. ಪಿಐಒಲಿ ಪ್ರತಿ ತುಣುಕನ್ನೂ ಸಿಪಿಯುನೇ ಹೊತ್ತು ಹಾಕ್ಬೇಕು, ಬಕೆಟಲ್ಲಿ ನೀರು ಹೊತ್ತ ಹಾಗೆ. ಪಿಐಒ 4ರ ಮಿತಿ ಕಾಗದದ ಮೇಲೇ ಸೆಕೆಂಡಿಗೆ 16.7 ಎಂಬಿ, 16ಎಕ್ಸ್ ಡಿವಿಡಿಗೆ ಬೇಕಾಗಿರೋದು 22, ನಿಜವಾಗಿ ಸಿಗೋದು ಇನ್ನೂ ತುಂಬಾ ಕಮ್ಮಿ. ಆದ್ರೆ ಯಾರೂ ಬೇಕಂತ ಪಿಐಒ ಹಾಕಿರಲ್ಲ. ಎಕ್ಸ್‌ಪಿ ತಾನೇ ಹಾಕ್ಕೊಳುತ್ತೆ. ಡೇಟಾ ಸಾಗಿಸೋವಾಗ ಆರಕ್ಕಿಂತ ಜಾಸ್ತಿ ಸಲ ಟೈಮ್‌ಔಟು, ಎರರ್ ಆದ್ರೆ ಈ ದಾರಿ ಸರಿ ಇಲ್ಲ ಅಂತ ಒಂದೊಂದೇ ಮೆಟ್ಟಿಲು ಇಳಿಸ್ತಾ ಕೊನೆಗೆ ಪಿಐಒಗೆ ತಂದು ನಿಲ್ಲಿಸುತ್ತೆ, ಆಮೇಲೆ ರೀಸ್ಟಾರ್ಟ್ ಮಾಡಿದ್ರೂ ವಾಪಸ್ ಹತ್ತಲ್ಲ. ಆ ಎರರ್ ಎಲ್ಲಿಂದ ಬಂತು? ಗೀರು ಬಿದ್ದ ಡಿಸ್ಕಿಂದ. ಸೆಟ್ಟಲ್ಲಿದ್ದ ಮುಹೂರ್ತದ ಡಿವಿಡಿ ಹತ್ತು ಮನೆ ತಿರುಗಿ ಬಂದಿತ್ತು, ಅದನ್ನ ಓದೋಕೆ ಒದ್ದಾಡಿ ಒದ್ದಾಡಿನೇ ಎಕ್ಸ್‌ಪಿ ದಾರೀನ ಇಳಿಸಿತ್ತು. ಹೊಸ ರೈಟರ್ ಹಾಕ್ದಾಗ ವಿಂಡೋಸ್ ಹೊಸದಾಗಿ ಲೆಕ್ಕ ಶುರು ಮಾಡ್ತು, ಚಿಕ್ಕಪ್ಪ ಅದೇ ಡಿಸ್ಕನ್ನ ಮತ್ತೆ ಹಾಕಿದ್ರು, ಎರಡೇ ದಿನದಲ್ಲಿ ಅದೂ ಪಿಐಒ ಸೇರ್ತು. ಅಂಗಡಿಯವನಿಗೂ ಬೈಯ್ಯೋ ಹಾಗಿಲ್ಲ, ಅವನ ಕಣ್ಣಿಗೆ ಹೊಸದು ಚೆನ್ನಾಗೇ ಓಡ್ತು.

ನೋಡೋದು ಹೇಗೆ ಅಂದ್ರೆ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಡಿವೈಸ್ ಮ್ಯಾನೇಜರ್, ಅದರಲ್ಲಿ ಐಡಿಇ ಎಟಿಎ ಎಟಿಎಪಿಐ ಕಂಟ್ರೋಲರ್ಸ್ ತೆಗೆದು ಸೆಕೆಂಡರಿ ಐಡಿಇ ಚಾನೆಲ್ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಕರೆಂಟ್ ಟ್ರಾನ್ಸ್‌ಫರ್ ಮೋಡ್ ಅಂತಿರೋ ಕಡೆ ಅಲ್ಟ್ರಾ ಡಿಎಂಎ ಅಂತ ಇರ್ಬೇಕು, ಪಿಐಒ ಅಂತಿದ್ರೆ ಕಳ್ಳ ಸಿಕ್ಕಿದ ಹಾಗೆ. ಅದರ ಮೇಲಿರೋ ಡಿಎಂಎ ಇಫ್ ಅವೈಲಬಲ್ ಅನ್ನೋದು ಮೊದಲೇ ಸೆಲೆಕ್ಟ್ ಆಗಿರುತ್ತೆ, ಅದನ್ನ ನೋಡಿ ಎಲ್ಲ ಸರಿ ಇದೆ ಅಂತ ಮೋಸ ಹೋಗ್ಬೇಡಿ, ಅದು ಆಸೆ ಅಷ್ಟೇ, ಕೆಳಗಿರೋದು ವಾಸ್ತವ. ಪರಿಹಾರ ಏನಂದ್ರೆ ಆ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ, ಹೆದರ್ಬೇಡಿ, ರೀಸ್ಟಾರ್ಟ್ ಮಾಡಿದ್ರೆ ವಿಂಡೋಸ್ ತಾನೇ ಮತ್ತೆ ಹುಡುಕಿ ಹಾಕ್ಕೊಳುತ್ತೆ, ಕೆಲವೊಮ್ಮೆ ಎರಡು ಸಲ ರೀಸ್ಟಾರ್ಟ್ ಕೇಳುತ್ತೆ. ವಿಸ್ಟಾ, ವಿಂಡೋಸ್ 7ರಲ್ಲಿ ಎಟಿಎ ಚಾನೆಲ್ ಒಳಗೆ ಎನೇಬಲ್ ಡಿಎಂಎ ಅಂತ ಟಿಕ್ ಇರುತ್ತೆ. ಹಾಗೂ ಆಗ್ಲಿಲ್ಲ ಅಂದ್ರೆ ಬಯಾಸಲ್ಲಿ (ಕಂಪ್ಯೂಟರ್ ಆನ್ ಆಗೋವಾಗ ತೆಗೆಯೋ ಸೆಟ್ಟಿಂಗ್ಸ್) ಯುಡಿಎಂಎ, ಅಂದ್ರೆ ಅಲ್ಟ್ರಾ ಡಿಎಂಎ, ಆಟೋ ಇದ್ಯಾ ನೋಡಿ.

ಮತ್ತೆ ಮತ್ತೆ ಪಿಐಒಗೆ ಬೀಳ್ತಿದೆ, ಗೀರು ಬಿದ್ದ ಡಿಸ್ಕೂ ಹಾಕಿಲ್ಲ ಅಂದ್ರೆ ಕ್ಯಾಬಿನೆಟ್ ಬಿಚ್ಚಿ ಆ ಅಗಲ ಪಟ್ಟಿ ಕೇಬಲ್ ನೋಡಿ. 40 ತಂತಿದು, 80 ತಂತಿದು ಅಂತ ಎರಡು ಬರುತ್ತೆ, ಸಣ್ಣ ಸಣ್ಣ ಗೆರೆ ಒತ್ತಾಗಿರೋದು 80ರದ್ದು, ಅಲ್ಟ್ರಾ ಡಿಎಂಎ 66ರಿಂದ ಮೇಲೆ ಅದೇ ಬೇಕು. ಮಡಚಿ ಹಿಚುಕಿ ತುರುಕಿರೋ ಹಳೇ ಕೇಬಲ್ ಬದಲಾಯಿಸಿದ್ರೆ ಎಷ್ಟೋ ಸಲ ಕತೆ ಅಲ್ಲಿಗೇ ಮುಗಿಯುತ್ತೆ. ಹಾರ್ಡ್ ಡಿಸ್ಕೂ ರೈಟರೂ ಒಂದೇ ಕೇಬಲಲ್ಲಿ ಮಾಸ್ಟರ್ ಸ್ಲೇವ್ ಆಗಿದ್ರೆ ಬೇರೆ ಬೇರೆ ಮಾಡಿ, ಒಂದು ಐಡಿಇ ಕೇಬಲಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡೋಕಾಗೋದು. ಸಾಟಾ (ಸಣ್ಣ ಕೇಬಲಿನ ಹೊಸ ಜೋಡಣೆ) ಮಷೀನಲ್ಲಿ ಈ ಕೇಬಲ್ ರಗಳೆ ಇಲ್ಲ.

ಇನ್ನು ಬರೀ ಓದೋದು ಮಾತ್ರ ನಿಧಾನ ಇದ್ರೆ ಮೊದಲು ಡಿಸ್ಕ್ ತೆಗೆದು ಬೆಳಕಿಗೆ ಹಿಡೀರಿ. ಮೆತ್ತನೆ ಬಟ್ಟೆ ಒದ್ದೆ ಮಾಡಿ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ದೋಸೆ ಕಾವಲಿ ಒರೆಸಿದ ಹಾಗೆ ಸುತ್ತ ಉಜ್ಬೇಡಿ, ಸುತ್ತ ಬಿದ್ದ ಗೀರು ಒಂದೇ ಜಾಗದ ಡೇಟಾನ ಉದ್ದಕ್ಕೂ ತಿಂದ್ಬಿಡುತ್ತೆ. ಓದಕ್ಕಾಗದ ಜಾಗ ಬಂದ್ರೆ ಡ್ರೈವು ವೇಗ ಇಳಿಸಿ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ಆ ಗುರ್ರ್ ಅಂದು ನಿಂತು ಮತ್ತೆ ಗುರ್ರ್ ಅನ್ನೋ ಸದ್ದು ಅದೇ. ಅಂಥ ಡಿಸ್ಕನ್ನ ನೇರ ಕಾಪಿ ಮಾಡೋಕೆ ಹೋಗ್ಬೇಡಿ, ಒಂದೇ ಸಲ ಐಎಸ್ಒ ಮಾಡ್ಕೊಂಡು ಅಲ್ಲಿಂದ ಎಷ್ಟು ಕಾಪಿ ಬೇಕೋ ಹಾಕಿ. ಲಿನಕ್ಸ್ ಗೊತ್ತಿದ್ರೆ ಡಿಡಿರೆಸ್ಕ್ಯೂ ಬಳಸಿ, ಅದು ಮೊದಲು ಸುಲಭವಾಗಿ ಸಿಗೋದನ್ನೆಲ್ಲ ಬಾಚ್ಕೊಂಡು ಕಷ್ಟದ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತೆ, ಮ್ಯಾಪ್‌ಫೈಲ್ ಕೊಟ್ಟಿದ್ರೆ ಮಧ್ಯ ಕರೆಂಟ್ ಹೋದ್ರೂ ಬಿಟ್ಟಲ್ಲಿಂದ ಮುಂದುವರಿಯುತ್ತೆ. ಡಿಸ್ಕ್ ಕನ್ನಡಿ ಥರ ಇದ್ರೂ ಡಿವಿಡಿ ವಿಡಿಯೋ ಮಾತ್ರ ನಿಧಾನ ಓದ್ತಿದೆ, ಡೇಟಾ ಡಿಸ್ಕ್ ಜೋರಾಗಿ ಓದುತ್ತೆ ಅಂದ್ರೆ ಅದು ಕೆಲವು ಡ್ರೈವ್‌ಗಳ ಹುಟ್ಟುಗುಣ. ಸಿನಿಮಾ ನೋಡೋವಾಗ ಸದ್ದು ಬರಬಾರದು ಅಂತ ಕಂಪನಿಯವರೇ ಡ್ರೈವ್ ಒಳಗಿನ ಫರ್ಮ್‌ವೇರ್ ಅನ್ನೋ ಸಾಫ್ಟ್‌ವೇರಲ್ಲಿ ವೇಗಕ್ಕೆ ಕಡಿವಾಣ ಹಾಕಿರ್ತಾರೆ, ರಿಪ್‌ಲಾಕ್ ಅಂತಾರೆ ಅದನ್ನ. ಬೇರೆ ಡ್ರೈವಲ್ಲಿ ಓದಿಸಿ ನೋಡಿ, ಮುಗೀತು.

ಡಿಸ್ಕ್ ಮೇಲೆ ಗಂಡು ಹೆಣ್ಣಿನ ಫೋಟೋದ ಕಾಗದದ ಸ್ಟಿಕರ್ ಅಂಟಿಸೋ ಫ್ಯಾಷನ್ ಇತ್ತಲ್ಲ, ಅದೂ ಒಂದು ಶತ್ರು. ಸ್ವಲ್ಪ ಓರೆ ಅಂಟಿದ್ರೂ ಡಿಸ್ಕ್ ಗಿರಗಿರ ತಿರುಗೋವಾಗ ತೂಕ ಒಂದು ಕಡೆ ಎಳೀತದೆ, ಅದುರುತ್ತೆ, ಡ್ರೈವು ವೇಗ ಇಳಿಸುತ್ತೆ. ಚಿಕ್ಕಪ್ಪನ ಮನೆ ಆರತಕ್ಷತೆ ಡಿಸ್ಕ್ ಹಿಂಗೇ ಲಟಲಟ ಅಂತಿತ್ತು.

ಬರೀ ಬರೆಯೋದು ಮಾತ್ರ ನಿಧಾನ, ಎರಡೂ ಬಫರ್ ತುಂಬಿದೆ ಅಂದ್ರೆ ಖಾಲಿ ಡಿಸ್ಕ್ ಕಡೆ ನೋಡಿ. ಡಬ್ಬದ ಮೇಲೆ ಬರ್ದಿರೋ ಬ್ರ್ಯಾಂಡ್ ಬೇರೆ, ಒಳಗಿನ ಡಿಸ್ಕ್ ಮಾಡಿದವರು ಬೇರೆ ಇರ್ತಾರೆ. ಪ್ರತಿ ಡಿಸ್ಕಲ್ಲೂ ಒಂದು ಗುರುತಿನ ಕೋಡ್ ಇರುತ್ತೆ, ಮೋಸರ್ ಬೇರ್ ಮಾಡಿದ್ದಾದ್ರೆ ಎಂಬಿಐ ಅಂತ ಶುರುವಾಗೋ ಥರ, ಇಮ್ಗ್‌ಬರ್ನ್ ಬಲಗಡೆ ಪಟ್ಟೀಲಿ ಅದನ್ನ ತೋರಿಸುತ್ತೆ, ಅದರ ಜೊತೆಗೇ ಈ ಡಿಸ್ಕಿಗೆ ಈ ರೈಟರ್ ಯಾವ ಯಾವ ವೇಗ ಕೊಡುತ್ತೆ ಅಂತಾನೂ ತೋರಿಸುತ್ತೆ. ರೈಟರ್ ತನ್ನ ಫರ್ಮ್‌ವೇರ್ ಒಳಗೆ ಒಂದು ಪಟ್ಟಿ ಇಟ್ಕೊಂಡಿರುತ್ತೆ, ಈ ಕೋಡಿಗೆ ಲೇಸರ್ ಇಷ್ಟು, ವೇಗ ಇಷ್ಟು ಅಂತ. ಪಟ್ಟೀಲಿ ಇಲ್ಲದ ಕೋಡ್ ಬಂದ್ರೆ ಯಾರೋ ಗೊತ್ತಿಲ್ಲದ ನೆಂಟ ಬಂದ ಹಾಗೆ, ಹುಷಾರಾಗಿ 4ಎಕ್ಸ್‌ನಲ್ಲೇ ಬರೆಯುತ್ತೆ, ಡಿಸ್ಕ್ ಮೇಲೆ 16 ಅಂತಿದ್ರೂ ಲೆಕ್ಕಕ್ಕಿಲ್ಲ. ಬೇರೆ ಕಂಪನಿ ಡಿಸ್ಕ್ ಒಂದೆರಡು ಬಿಡಿ ತಂದು ನೋಡಿ, ಇಲ್ಲಾಂದ್ರೆ ರೈಟರಿನ ಫರ್ಮ್‌ವೇರ್ ಅಪ್‌ಡೇಟ್ ಇದ್ಯಾ ನೋಡಿ. ಆದ್ರೆ ಅಪ್‌ಡೇಟ್ ಮಧ್ಯೆ ಕರೆಂಟ್ ಹೋದ್ರೆ ರೈಟರ್ ಇಟ್ಟಿಗೆ ಆಗುತ್ತೆ, ಯುಪಿಎಸ್ ಇಲ್ಲದೆ ಕೈ ಹಾಕ್ಬೇಡಿ. ಆರ್‌ಡಬ್ಲ್ಯು (ಅಳಿಸಿ ಮತ್ತೆ ಬರೆಯೋ) ಡಿಸ್ಕ್ ಹಾಕಿ ಯಾಕೆ 16 ಬರ್ತಿಲ್ಲ ಅನ್ನೋರೂ ಇದಾರೆ, ಡಿವಿಡಿ ಮೈನಸ್ ಆರ್‌ಡಬ್ಲ್ಯು ಮಿತೀನೇ 6ಎಕ್ಸ್, ಪ್ಲಸ್‌ದು 8. ಹಾಗೇ ಸಾಧ್ಯವಾದಷ್ಟು ನಿಧಾನ ಬರೆದ್ರೆ ಚೆನ್ನಾಗಿ ಬರುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ, 16ರ ಡಿಸ್ಕಿಗೆ 8 ಕೊಡಿ, ನಾನು ಮಾಡೋದು ಅದೇ.

ಲ್ಯಾಪ್‌ಟಾಪಿಗೆ ಯುಎಸ್‌ಬಿ ತೆಳು ರೈಟರ್ ಇಟ್ಕೊಂಡೋರಿಗೆ ಬೇರೆ ಪುರಾಣ. ಅವು ಸಾಮಾನ್ಯವಾಗಿ 8ಎಕ್ಸ್‌ವರೆಗೇ. ಹಳೇ ಯುಎಸ್‌ಬಿ 1.1 ಪೋರ್ಟಿಗೋ ಅಂಥ ಹಬ್ಬಿಗೋ ಸಿಕ್ಕಿಸಿದ್ರೆ ಸೆಕೆಂಡಿಗೆ 1 ಎಂಬಿ ಸುಮಾರು ಸಿಗೋದು, ಡಿವಿಡಿಯ 1ಎಕ್ಸ್ ಕೂಡ ಮುಟ್ಟಲ್ಲ, ಒಂದು ಡಿಸ್ಕಿಗೆ ಗಂಟೆ ಮೇಲೆ. ಈ ಸಾಧನ ಇನ್ನೂ ವೇಗವಾಗಿ ಓಡಬಲ್ಲದು ಅಂತ ಮೂಲೇಲಿ ಒಂದು ಹಳದಿ ಗುಳ್ಳೆ ಬಂದು ಹೋಗುತ್ತೆ, ನಾವು ಅದನ್ನ ಓದ್ದೆ ಮುಚ್ತೀವಿ. ಇನ್ನೊಂದು ಕರೆಂಟಿನ ಸಮಸ್ಯೆ, ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, ಲೇಸರ್ ಜೋರಾಗಿ ಉರಿಯೋವಾಗ ಅದು ಸಾಲಲ್ಲ, ಡ್ರೈವು ಟಿಕ್ ಅಂದು ನಿಂತು ಮತ್ತೆ ಶುರುವಾಗುತ್ತೆ. ಹಬ್ ತೆಗೆದು ನೇರ ಸಿಕ್ಕಿಸಿ, ಡೆಸ್ಕ್‌ಟಾಪ್ ಆದ್ರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ, ಎರಡು ಬಾಲದ ಕೇಬಲ್ ಕೊಟ್ಟಿದ್ರೆ ಎರಡನ್ನೂ ಸಿಕ್ಕಿಸಿ. ನೀಲಿ 3.0 ಪೋರ್ಟಲ್ಲಿ 900 ಮಿಲಿಆಂಪ್ ಇರುತ್ತೆ, ಅದಿದ್ರೆ ಅದೇ ಒಳ್ಳೇದು.

ಸಂಪೇ ಖಾಲಿ ಆಗೋ ಕೇಸಲ್ಲಿ ಸಾಮಾನ್ಯವಾಗಿ ಸಿ ಡ್ರೈವ್ ಭರ್ತಿ ಆಗಿರುತ್ತೆ, ಇಲ್ಲ ಆಂಟಿವೈರಸ್ ಪ್ರತಿ ಫೈಲನ್ನೂ ಮೂಸಿ ನೋಡ್ತಿರುತ್ತೆ, ಇಲ್ಲ ಹತ್ತು ಸಾವಿರ ಸಣ್ಣ ಫೋಟೋನ ನೇರ ಡಿಸ್ಕಿಗೆ ಬರೀತಿರ್ತೀರಿ. ಮೊದಲು ಐಎಸ್ಒ ಮಾಡಿ ಆಮೇಲೆ ಬರೆದ್ರೆ ಇದು ಹೋಗುತ್ತೆ. ವಿಂಡೋಸ್ 7ರಿಂದ ಈಚೆಗೆ ಖಾಲಿ ಡಿಸ್ಕ್ ಹಾಕಿದ್ರೆ ಪೆನ್‌ಡ್ರೈವ್ ಥರ ಬಳಸ್ತೀರಾ, ಸಿಡಿ ಡಿವಿಡಿ ಪ್ಲೇಯರ್‌ಗೆ ಬಳಸ್ತೀರಾ ಅಂತ ಕೇಳುತ್ತೆ. ಮೊದಲನೇದು ಒತ್ತಿದ್ರೆ ಫಾರ್ಮ್ಯಾಟ್ ಮಾಡಿ ಒಂದೊಂದೇ ಫೈಲ್ ತಳ್ಳುತ್ತೆ, ನಿಧಾನ, ಟಿವಿ ಪ್ಲೇಯರಲ್ಲಿ ಓಡೋದೂ ಅನುಮಾನ. ಎರಡನೇದು ಒತ್ತಿ.

ಮೊಬೈಲ್ ವಿಡಿಯೋನ ಡಿವಿಡಿ ಮಾಡೋಕೆ ಮೂರು ಗಂಟೆ ಆಯ್ತು, ರೈಟರ್ ಸರಿ ಇಲ್ಲ ಅಂತ ಒಬ್ಬರು ಫೋನ್ ಮಾಡಿದ್ರು. ರೈಟರ್ ಲೈಟು ಉರೀತಿದ್ಯಾ ಅಂತ ಕೇಳ್ದೆ, ಇಲ್ಲ ಅಂದ್ರು. ಅದು ಬರೀತಾನೇ ಇಲ್ಲ, ಎಂಪಿ4ನ ಡಿವಿಡಿಗೆ ಬೇಕಾದ ಎಂಪೆಗ್ 2ಗೆ ಬದಲಾಯಿಸ್ತಾ ಇದೆ, ಅದು ಸಿಪಿಯು ಕೆಲಸ. ಲೈಟ್ ನೋಡಿ ಮೊದಲು.

ಇಷ್ಟೆಲ್ಲ ನೋಡಿದ್ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಆಗ ರೈಟರ್ ಮೇಲೆ ಅನುಮಾನ ಪಡಿ. ಒಂದು ಸಿಡಿ ಬರೆದು ನೋಡಿ, ಒಂದು ಡಿವಿಡಿ ಬರೆದು ನೋಡಿ. ಸಿಡಿಗೆ 780 ನ್ಯಾನೋಮೀಟರ್ ಲೇಸರು, ಡಿವಿಡಿಗೆ 650ರ ಕೆಂಪು ಲೇಸರು, ಎರಡೂ ಬೇರೆ. ಒಂದು ಚೆನ್ನಾಗಿ ಬಂದು ಇನ್ನೊಂದು ಬರ್ಲಿಲ್ಲ ಅಂದ್ರೆ ಆ ಲೇಸರ್ ಸೋತಿದೆ. ಎರಡೂ ಸೋತಿದ್ರೆ ಧೂಳಿರಬಹುದು, ಇಯರ್ ಬಡ್‌ಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಲೆನ್ಸನ್ನ ಹೂವು ಮುಟ್ಟಿದ ಹಾಗೆ ಒರೆಸಿ, ತೆಳು ಡ್ರೈವಲ್ಲಿ ಟ್ರೇ ಜೊತೆಗೇ ಲೆನ್ಸ್ ಹೊರಗೆ ಬರುತ್ತೆ, ಕೆಲಸ ಸುಲಭ.

ಚಿಕ್ಕಪ್ಪನ ಮನೇಲಿ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡ್ದೆ, ಅಲ್ಟ್ರಾ ಡಿಎಂಎ ಮೋಡ್ 2 ಅಂತ ಬಂತು, ಮುಹೂರ್ತದ ಡಿಸ್ಕನ್ನ ಮತ್ತೆ ಹಾಕೋಕೆ ಬಿಡ್ಲಿಲ್ಲ, ಮೊದಲೇ ಮಾಡಿಟ್ಟಿದ್ದ ಐಎಸ್ಒಯಿಂದಲೇ ಬರೆದ್ವಿ. 8ಎಕ್ಸ್‌ನಲ್ಲಿ ಒಂಬತ್ತು ನಿಮಿಷ. ತೆಗೆದಿಟ್ಟಿದ್ದ ಹಳೇ ರೈಟರನ್ನೂ ಸಿಕ್ಕಿಸಿ ನೋಡಿದ್ವಿ, ಅದರಲ್ಲೂ ಒಂಬತ್ತೇ ನಿಮಿಷ. "ಹಾಗಾದ್ರೆ ಹೊಸದಕ್ಕೆ ದುಡ್ಡು ಕೊಟ್ಟಿದ್ದು ಯಾಕೆ?" ಅಂತ ಚಿಕ್ಕಮ್ಮ ಒಳಗಿಂದ ಕೇಳಿದ್ರು, ಚಿಕ್ಕಪ್ಪ ಡಬ್ಬದಿಂದ ಇನ್ನೊಂದು ಖಾಲಿ ಡಿಸ್ಕ್ ತೆಗೆದ್ರು.